ಏಳನೇ ಕಂಬದ ವರದಿ

ಜೋಗಿಮಟ್ಟಿಯ ಈಚೆ ಮಗ್ಗುಲಲ್ಲಿ, ನಮ್ಮ ತಗಡಿನ ಆಫೀಸಿನೊಳಗೆ
ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಇಡೀ ವರ್ಷ
ಹಸಿರು, ಹಳದಿ, ಕೆಂಪು.
ಅಂಟಿಸಿದವನು ಯೆಸ್ಪರ್, ಡೆನ್ಮಾರ್ಕಿನವನು,
ಟೇಪನ್ನು ಹಲ್ಲಲ್ಲಿ ಕಚ್ಚದೆ ಕತ್ತರಿ ಹುಡುಕುವವನು.

ಮೊದಲ ವಾರವೇ ಕೇಳಿದ:
ರೆಕ್ಕೆ ಬರುವ ದಾರಿಗೆ ಚಾಚಿದ ಆ ಬೇವಿನ ಕೊಂಬೆ
ಗುರುವಾರದೊಳಗೆ ಕಡಿಯುತ್ತಾರಾ?
ಪಾಲಯ್ಯ ಹೆಗಲ ಟವೆಲ್ಲು ಸರಿಮಾಡಿಕೊಂಡು
'ನೋಡಾಣ' ಅಂದ.
ನಾನು ಇಂಗ್ಲಿಷಿಗೆ ದಾಟಿಸಿದೆ, ಪದಕ್ಕೆ ಪದ.
ಯೆಸ್ಪರ್ ಚೌಕಕ್ಕೆ ಹಸಿರು ತುಂಬಿದ.

ಶುಕ್ರವಾರವೂ ಕೊಂಬೆ ಅಲ್ಲೇ ಇತ್ತು
ಅರಿಶಿನ ಮೆತ್ತಿಕೊಂಡು, ಗಾಜಿನ ಬಳೆ ತೊಟ್ಟುಕೊಂಡು.
ಅರವತ್ತು ಮೀಟರಿನ ರೆಕ್ಕೆ ಹೊಳಲ್ಕೆರೆ ರಸ್ತೆಯಲ್ಲಿ
ಮದುವೆಮನೆಯಲ್ಲಿ ಜಾಗ ಸಿಗದ ನೆಂಟನ ಹಾಗೆ
ಉದ್ದಕ್ಕೂ ಮಲಗಿತ್ತು.
ಮಂಡಕ್ಕಿ ಗಾಡಿಯವನು ಅದರ ನೆರಳಲ್ಲೇ ವ್ಯಾಪಾರ ಹೂಡಿದ್ದ.

'ಆಗುತ್ತೆ ಅಂದಿರಲ್ಲ?'
ಇಲ್ಲ, ನೋಡಾಣ ಅಂದರು.
'ಅಂದರೆ?'

ಅಂದರೆ, ಏನು ಹೇಳಲಿ.
ನಮ್ಮಲ್ಲಿ ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ.
ದೀಪ ಆರಿಸುವವಳಿಗೆ ದೊಡ್ಡದು ಮಾಡು ಅನ್ನುತ್ತೇವೆ.
ಹೋಗುವವರು ಬರ್ತೀನಿ ಅಂತಲೇ ಹೊಸ್ತಿಲು ದಾಟುತ್ತಾರೆ.
ಇಲ್ಲ ಅನ್ನುವ ಪದ ನಾಲಿಗೆಗೆ ಗೊತ್ತಿಲ್ಲವೆಂದಲ್ಲ,
ಎದುರಿಗಿರುವವನ ಮುಖದಲ್ಲಿ
ಅದನ್ನಿಡಲು ಜಾಗ ಕಾಣುವುದಿಲ್ಲ.

ಅವನು ಬರೆದುಕೊಂಡ. ನಿಜವಾಗಿ ಬರೆದುಕೊಂಡ,
ಪುಟ್ಟ ನೀಲಿ ಪುಸ್ತಕದಲ್ಲಿ.
ಕೊಂಬೆ ಉಳಿಯಿತು. ಪಕ್ಕದ ಹೊಲಕ್ಕೆ ಜಲ್ಲಿ ಸುರಿದು
ದಾರಿಯನ್ನೇ ಬಾಗಿಸಿದೆವು.
ಖರ್ಚನ್ನು ಯಾವ ತಲೆಬರಹದಡಿ ತೋರಿಸಲಿ ಅಂದ.
ಬೇವು ಅಂತ ಬರಿ ಅಂದೆ.

ಬೋಲ್ಟು ಕಳಿಸುವ ಕಂಪನಿಯ ಲಿಯು ಮೇಡಂ
ಸಭೆಯುದ್ದಕ್ಕೂ ಪರದೆಯ ಮೂಲೆಯಲ್ಲಿ ತಲೆ ಆಡಿಸುವರು.
ರಾತ್ರಿ ಹನ್ನೊಂದಕ್ಕೆ ನನಗೊಬ್ಬಳಿಗೇ ಮೆಸೇಜು:
ಆರನೇ ಪೆಟ್ಟಿಗೆಯ ಲೆಕ್ಕ ಇನ್ನೊಮ್ಮೆ ನೋಡುವಿರಾ, ದಯವಿಟ್ಟು.
ಹಾಸಿಗೆಯಲ್ಲೇ ಎದ್ದು ಕೂತೆ.
ಪೆಟ್ಟಿಗೆ ಹೊರಟೇ ಇಲ್ಲ.
ಇದು ಅವರ ಕಡೆಯ ನೋಡಾಣ.

ಕ್ರೇನು ನಡೆಸುವ ಮುರುಗೇಶನ್ ನಾಮಕ್ಕಲ್ಲಿನವನು.
ಅಮಾವಾಸ್ಯೆ ಅವನಿಗೆ ಶುಭ,
ನಮ್ಮ ಹುಡುಗರಿಗೆ ಅವತ್ತು ಕಬ್ಬಿಣ ಮುಟ್ಟಲೂ ಭಯ,
ಯೆಸ್ಪರ್‌ಗೆ ಬರೀ ಸೋಮವಾರ.
ನಾನು ನಡುವೆ ನಿಂತು ಮೂವರಿಗೂ ಚಹಾ ತರಿಸಿದೆ.
ಅದೂ ಒಂದು ಯೋಜನೆಯೇ.

ಆಷಾಢ ಹಿಡಿಯಿತು. ಗಾಳಿಗಾಗಿ ಬಂದವರು ನಾವು,
ಗಾಳಿ ನಿಲ್ಲಲಿ ಅಂತ ಕಾಯುತ್ತ ಕೂತೆವು.
ಸೆಕೆಂಡಿಗೆ ಎಂಟು ಮೀಟರು ದಾಟಿದರೆ ರೆಕ್ಕೆ ಎತ್ತುವ ಹಾಗಿಲ್ಲ.
ಹನ್ನೆರಡು. ಹದಿಮೂರು. ಹನ್ನೆರಡು.
ಹೆಡ್ಡಾಫೀಸಿನಿಂದ ಫೋನು: ತಾರೀಖು ಹೇಳು.
ಯೆಸ್ಪರ್ ಕಿಟಕಿಯಾಚೆ ನೋಡಿದ.
ಅಲ್ಲಿ ಪಾಲಯ್ಯನ ಟವೆಲ್ಲು ಬೇಲಿಗೆ ಅಂಟಿ ಪಟಪಟ ಹೊಡೆದುಕೊಳ್ಳುತ್ತಿತ್ತು.
'ನೋಡಾಣ' ಅಂದ, ಫೋನಿಗೇ, ಅಪ್ಪಟ ದುರ್ಗದ ಕನ್ನಡದಲ್ಲಿ.
ಆ ತುದಿಯ ಮೌನ ನನಗೂ ಕೇಳಿಸಿತು.

ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ ಗಾಳಿ ಮಲಗಿತು.
ಎಬ್ಬಿಸದ ಹಾಗೆ, ಪಿಸುಮಾತಿನಲ್ಲಿ, ಮೂರು ಭಾಷೆಯಲ್ಲಿ
ರೆಕ್ಕೆ ಮೇಲೇರಿತು.

ಇಷ್ಟು ವರದಿಗೆ. ಮುಂದಿನದು ವರದಿಗಲ್ಲ.

ಸಂಜೆ ಪಾಲಯ್ಯ ಬಂದ, ಪ್ಲಾಸ್ಟಿಕ್ ಕವರಿನಲ್ಲಿ
ಮಗಳ ಮಗನ ಮಾರ್ಕ್ಸ್ ಕಾರ್ಡಿನ ಜೆರಾಕ್ಸು ಹಿಡಿದು.
ಕಂಟ್ರೋಲ್ ರೂಮಿನಲ್ಲಿ ಏನಾದರೂ ಆದೀತಾ ಮೇಡಂ.
ಹಿಂದಿನ ನಾನಾಗಿದ್ದರೆ ನೋಡೋಣ ಅನ್ನುತ್ತಿದ್ದೆ,
ಅವನೂ ಅರ್ಥ ಮಾಡಿಕೊಂಡು, ಮಳೆ ಬಗ್ಗೆ ಎರಡು ಮಾತಾಡಿ
ಹಗುರ ಹೆಜ್ಜೆಯಲ್ಲಿ ಇಳಿದು ಹೋಗುತ್ತಿದ್ದ.
ಆದರೆ ಹತ್ತು ತಿಂಗಳು ಯೆಸ್ಪರ್ ಜೊತೆ ಕಲಿತಿದ್ದೆನಲ್ಲ,
ಸ್ಪಷ್ಟ ಉತ್ತರವೇ ಮರ್ಯಾದೆ ಅಂತ.
'ಇಲ್ಲ ಪಾಲಯ್ಯ. ಆಗಲ್ಲ.'

ಅವನು ಜೆರಾಕ್ಸನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದ.
ಟವೆಲ್ಲು ಸರಿಮಾಡಿಕೊಳ್ಳಲಿಲ್ಲ.
'ಬತ್ತೀನಿ ಮೇಡಂ' ಅಂದ.

ಇವತ್ತಿಗೆ ಮೂರನೇ ದಿನ.
ಹಾಳೆಯ ಮೇಲೆ ಏಳನೇ ಕಂಬ ಹಸಿರು.
ಗೇಟಿನ ಹತ್ತಿರ ಯಾರೋ ಕೆಮ್ಮಿದರೆ
ಎದ್ದು ನೋಡುತ್ತೇನೆ.